ಸಣ್ಣ ವಿಮಾನದ ಕಾಕ್‌ಪಿಟ್‌ನಲ್ಲಿ ಟ್ಯಾಬ್: ಸಾಂಬ್ರಾದ ಹೊಸ ಪೈಲಟ್‌ಗಳಿಗೆ ಒಂದು ಮಾರ್ಗದರ್ಶಿ

ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾದಲ್ಲಿ ಪೈಲಟ್ ತರಬೇತಿ ಶುರುವಾದ ಮೇಲೆ ಊರಿನ ಆಕಾಶದಲ್ಲಿ ಸಣ್ಣ ವಿಮಾನಗಳ ಸದ್ದು ಜಾಸ್ತಿಯಾಗಿದೆ. ತರಬೇತಿಗೆ ಸೇರಿದವರು ಬೇಗನೆ ಕೇಳುವ ಪ್ರಶ್ನೆ ಒಂದಿದೆ: ಯಾವ ಟ್ಯಾಬ್ ತಗೊಳ್ಳಲಿ? ಯೂಟ್ಯೂಬ್ ತೆರೆದರೆ ಅಮೆರಿಕದ ಪೈಲಟ್ ಒಬ್ಬ ಯೋಕ್ (ವಿಮಾನದ ಸ್ಟಿಯರಿಂಗ್ ಹಿಡಿ) ಮೇಲೆ ಐಪ್ಯಾಡ್ ಸಿಕ್ಕಿಸಿಕೊಂಡು ಕೂತಿರುತ್ತಾನೆ. ನಕ್ಷೆ, ಮಳೆಮೋಡ, ಸುತ್ತಲಿನ ವಿಮಾನ, ಎಲ್ಲವೂ ಅದರಲ್ಲೇ. ನೋಡಿದವರಿಗೆ ಆಸೆಯಾಗುವುದು ಸಹಜ.

ಆದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಹಾರಾಟದ ನಡುವೆ ಈ ಟ್ಯಾಬ್ ಕೈಕೊಟ್ಟರೆ ನನ್ನ ಹತ್ತಿರ ಏನು ಉಳಿದಿರುತ್ತದೆ? ಅಂಗಡಿಯಲ್ಲಿ ಸಿಗುವ ಮಾಮೂಲಿ ಟ್ಯಾಬ್ ವಿಮಾನಕ್ಕಾಗಿ ಮಾಡಿದ ವಸ್ತುವಲ್ಲ. ಬಿಸಿಲಿಗೆ ಆಫ್ ಆಗುತ್ತದೆ, ಅಲುಗಾಟಕ್ಕೆ ಬೀಳುತ್ತದೆ, ಬೇಡದ ಹೊತ್ತಿಗೆ ಅಪ್‌ಡೇಟ್ ಕೇಳುತ್ತದೆ. ಹಾಗಂತ ಕೆಲಸಕ್ಕೆ ಬಾರದ್ದು ಅಂತಲ್ಲ. ಎಲ್ಲಿಯವರೆಗೆ ನಂಬಬಹುದು ಅಂತ ನೆಲದ ಮೇಲೆ ಇರುವಾಗಲೇ ಗೊತ್ತು ಮಾಡಿಕೊಂಡರೆ ಒಳ್ಳೆಯ ಸಹಾಯಕ. ಈ ಬರಹ ಆ ಗೊತ್ತು ಮಾಡಿಕೊಳ್ಳುವ ಕೆಲಸದ ಬಗ್ಗೆ.

ಮೊದಲು ಕೇಳಿ, ಆಮೇಲೆ ಕೊಳ್ಳಿ

ದುಡ್ಡು ಹಾಕುವ ಮುಂಚೆ ನಿಮ್ಮ ಇನ್‌ಸ್ಟ್ರಕ್ಟರ್ ಹತ್ತಿರ ಮಾತಾಡಿ. ವಿಮಾನದೊಳಗೆ ಮೊಬೈಲ್, ಟ್ಯಾಬ್ ಬಳಸುವುದಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮಗಳಿವೆ. ಅದರ ಜೊತೆಗೆ ತರಬೇತಿ ಸಂಸ್ಥೆಗೆ ತನ್ನದೇ ಮ್ಯಾನುಯಲ್ ಇರುತ್ತದೆ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದಾಗ ಬಿಟ್ಟವರು ಸೋಲೋದಲ್ಲಿ, ಅಂದರೆ ಒಬ್ಬರೇ ಹಾರುವಾಗ, ಬೇಡ ಅನ್ನಬಹುದು. ಬೇಡ ಅಂದರೆ ಬೇಡ, ವಾದ ಮಾಡಬೇಡಿ. ಶುರುವಿನ ದಿನಗಳಲ್ಲಿ ಕಿಟಕಿ ಹೊರಗೆ ನೋಡಿ ಹಾರಿಸುವುದನ್ನು ಕಲಿಯದವನಿಗೆ ತೊಡೆಯ ಮೇಲಿನ ಹೊಳೆಯುವ ಪರದೆ ಕೆಡುಕೇ ಮಾಡುತ್ತದೆ ಅನ್ನುವುದು ನನ್ನ ಅಭಿಪ್ರಾಯವೂ ಹೌದು.

ಇನ್ನೊಂದು ಗೆರೆ ಸ್ಪಷ್ಟವಾಗಿರಲಿ. ತೊಡೆಗೆ ಕಟ್ಟಿಕೊಂಡ ಟ್ಯಾಬ್ ನಿಮ್ಮ ಸ್ವಂತ ವಸ್ತು, ಇಳಿದ ಮೇಲೆ ನಿಮ್ಮ ಜೊತೆ ಬರುತ್ತದೆ. ಅದನ್ನೇ ಪ್ಯಾನೆಲ್‌ಗೆ ಸ್ಕ್ರೂ ಹಾಕಿ ಕೂರಿಸಿದರೆ, ವಿಮಾನದ ವೈರಿಂಗ್‌ಗೆ ಜೋಡಿಸಿದರೆ, ಅದು ವಿಮಾನದಲ್ಲಿ ಮಾಡಿದ ಬದಲಾವಣೆ. ಅದಕ್ಕೆ ಅನುಮೋದನೆ ಬೇಕು, ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೇಕು. ಸ್ವಂತ ವಿಮಾನ ಇದ್ದರೂ ಡ್ರಿಲ್ ಹಿಡಿದುಕೊಂಡು ಹೋಗುವ ಹಾಗಿಲ್ಲ.

ಟ್ಯಾಬ್ ಆಯ್ಕೆ

ಅಳತೆಯಿಂದ ಶುರು ಮಾಡೋಣ. ಎರಡು ಸೀಟಿನ ವಿಮಾನದಲ್ಲಿ ಜಾಗ ಎಷ್ಟಿರುತ್ತದೆ ಅಂತ ಒಮ್ಮೆ ಕೂತವರಿಗೆ ಗೊತ್ತು. ಎಂಟು ಇಂಚಿನ ಆಸುಪಾಸು ಸಾಕು. 2021ರಿಂದ ಬರುತ್ತಿರುವ ಐಪ್ಯಾಡ್ ಮಿನಿಯ ಪರದೆ 8.3 ಇಂಚು, ಪೈಲಟ್‌ಗಳು ಅದನ್ನು ಜಾಸ್ತಿ ಇಷ್ಟಪಡುವುದು ಸುಮ್ನೆ ಅಲ್ಲ. ಹನ್ನೊಂದು ಇಂಚಿನದು ಓದಲು ಚೆಂದ, ಆದರೆ ಯೋಕ್ ಮೇಲೆ ಕೂರಿಸಿದರೆ ಹಿಂದಿನ ಗೇಜು, ಸ್ವಿಚ್ಚು ಮುಚ್ಚಿಹೋಗುತ್ತವೆ.

ಎರಡನೆಯದು ಜಿಪಿಎಸ್. ಇಲ್ಲೇ ಜನ ಮೋಸ ಹೋಗುವುದು. ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ ಇರುವುದಿಲ್ಲ. ಊರಲ್ಲಿ ಅದು ಸುತ್ತಲಿನ ವೈಫೈ ನೋಡಿ ಜಾಗ ಊಹಿಸುತ್ತದೆ, ಹಾಗಾಗಿ ಅಂಗಡಿಯೊಳಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಐದು ಸಾವಿರ ಅಡಿ ಮೇಲೆ ಯಾವ ವೈಫೈ ಇರುತ್ತದೆ? ಸೆಲ್ಯುಲರ್ ಮಾಡೆಲ್‌ನಲ್ಲಿ ಮಾತ್ರ ಜಿಪಿಎಸ್ ಇದೆ. ಸಿಮ್ ಹಾಕದಿದ್ದರೂ ಅದು ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ವೈಫೈ ಮಾಡೆಲ್‌ಗೂ ಸಾಮಾನ್ಯವಾಗಿ ಜಿಪಿಎಸ್ ಇರುತ್ತದೆ, ಆದರೂ ನೋಡಿಯೇ ತಗೊಳ್ಳಿ. ಈಗಾಗಲೇ ವೈಫೈ ಐಪ್ಯಾಡ್ ಇದ್ದವರು ಬ್ಲೂಟೂತ್‌ನಲ್ಲಿ ಸೇರುವ ಹೊರಗಿನ ಜಿಪಿಎಸ್ ರಿಸೀವರ್ ಕೊಳ್ಳಬಹುದು. ಆದರೆ ಚಾರ್ಜ್ ಮಾಡಬೇಕಾದ ಇನ್ನೊಂದು ವಸ್ತು ಹೆಚ್ಚಾಯಿತು ಅಂತ ನೆನಪಿರಲಿ.

ಖಡೇಬಜಾರ್ ಕಡೆ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಅಂಗಡಿಯವರಿಗೆ ಹೇಳಿ ಟ್ಯಾಬ್ ಹೊರಗೆ ತನ್ನಿ. ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ, ಬ್ಲೂಟೂತ್ ಎರಡೂ ಆಫ್ ಮಾಡಿ, ಬಯಲಲ್ಲಿ ನಿಂತು ಯಾವುದಾದರೂ ಜಿಪಿಎಸ್ ಆ್ಯಪ್ ತೆರೆಯಿರಿ. ಕೆಲವು ನಿಮಿಷದಲ್ಲಿ ಜಾಗ ಹಿಡಿಯಬೇಕು. ಆಮೇಲೆ ಟ್ಯಾಬನ್ನು ಮೇಜಿನ ಮೇಲೆ ಮಲಗಿಸಿ ಅಂಚಿನಿಂದ ನೋಡಿ. ಪರದೆ ನಡುವೆ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಅಂತ ಅರ್ಥ. ಎಷ್ಟೇ ಅಗ್ಗವಾದರೂ ಬೇಡ.

ಒರಟು ಬಳಕೆಗೆ ಮಾಡಿದ ಟ್ಯಾಬ್‌ಗಳೂ ಇವೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಆ್ಯಕ್ಟಿವ್ ಸರಣಿಯಲ್ಲಿ ಬ್ಯಾಟರಿ ಬಿಚ್ಚಿ ಬದಲಾಯಿಸಬಹುದು, ಗ್ಲೌಸ್ ಹಾಕಿದ ಬೆರಳಿಗೂ ಪರದೆ ಓಗೊಡುತ್ತದೆ. ಮಾಮೂಲಿ ಪರದೆಗಳು ಬೆರಳಿನ ವಿದ್ಯುತ್ ಗುಣವನ್ನು ಹಿಡಿಯುವಂಥವು. ಗ್ಲೌಸ್ ಹಾಕಿದರೆ ಸುಮ್ಮನಿರುತ್ತವೆ, ಬೆವರು ಬಿದ್ದರೆ ತಾವೇ ಒತ್ತಿಕೊಳ್ಳುತ್ತವೆ.

ಬಿಸಿಲು: ಇದೇ ದೊಡ್ಡ ಶತ್ರು

ಟ್ಯಾಬ್ ಹಾರಾಟದಲ್ಲಿ ನಿಂತುಹೋಗುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಬಿಸಿ. ಆ್ಯಪಲ್ ಕಂಪನಿಯೇ ಹೇಳುವ ಪ್ರಕಾರ ಐಪ್ಯಾಡ್ ಬಳಸಬೇಕಾದ್ದು ಸುತ್ತಲಿನ ತಾಪಮಾನ 0ರಿಂದ 35 ಡಿಗ್ರಿ ಇರುವಾಗ. ಬೆಳಗಾವಿಯ ಹವೆ ತಂಪು ಅಂತ ನಾವು ಹೆಮ್ಮೆ ಪಡುತ್ತೇವೆ. ಆದರೆ ಏಪ್ರಿಲ್ ಮಧ್ಯಾಹ್ನ ಏಪ್ರನ್ (ವಿಮಾನ ನಿಲ್ಲಿಸುವ ಜಾಗ) ಮೇಲೆ ಬಾಗಿಲು ಮುಚ್ಚಿ ನಿಂತ ವಿಮಾನದ ಒಳಗೆ ಹೋಗಿ ನೋಡಿ. ಬಾಗಲಕೋಟೆ, ವಿಜಯಪುರದ ಕಡೆ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ. ಗಾಜಿನ ಹಿಂದೆ, ನೇರ ಬಿಸಿಲಲ್ಲಿ, ಕಪ್ಪು ಪರದೆಯ ಬಿಸಿ ಇನ್ನೂ ಎಷ್ಟೋ ಮೇಲೆ.

ಬಿಸಿಯಾದಾಗ ಒಂದೇ ಸಲ ಆಫ್ ಆಗುವುದಿಲ್ಲ, ಮುನ್ಸೂಚನೆ ಕೊಡುತ್ತದೆ. ಮೊದಲು ಪರದೆ ಮಂಕಾಗುತ್ತದೆ. ನೀವು ಬ್ರೈಟ್‌ನೆಸ್ ಏರಿಸುತ್ತೀರಿ, ಅದರಿಂದ ಇನ್ನಷ್ಟು ಬಿಸಿ. ಆಮೇಲೆ ಚಾರ್ಜ್ ಆಗುವುದು ನಿಲ್ಲುತ್ತದೆ. ಕೊನೆಗೆ ತಣ್ಣಗಾಗಲು ಬಿಡಿ ಅನ್ನುವ ಸಂದೇಶ ಬಿಟ್ಟರೆ ಪರದೆಯಲ್ಲಿ ಏನೂ ಇರುವುದಿಲ್ಲ. ಕಾರಣ ಇಲ್ಲದೆ ಪರದೆ ಮಂಕಾದರೆ ಅದು ಮೊದಲ ಎಚ್ಚರಿಕೆ ಗಂಟೆ ಅಂತ ತಿಳಿಯಿರಿ.

ಮಾಡಬೇಕಾದ್ದು ಇಷ್ಟು. ಹಾರಾಟಕ್ಕೆ ಮುಂಚೆ ಟ್ಯಾಬನ್ನು ಸೀಟಿನ ಮೇಲಾಗಲೀ ಪ್ಯಾನೆಲ್ ಮೇಲಿನ ಹಲಗೆಯ ಮೇಲಾಗಲೀ ಇಡಬೇಡಿ, ಬ್ಯಾಗಿನೊಳಗೆ ನೆರಳಲ್ಲಿರಲಿ. ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ತನ್ನಿ. ಚಾರ್ಜ್ ಮಾಡುವಾಗ ಬ್ಯಾಟರಿ ತಾನೇ ಬಿಸಿಯಾಗುತ್ತದೆ, ಬಿಸಿಲಲ್ಲಿ ಚಾರ್ಜ್ ಹಾಕಿದರೆ ಎರಡು ಕಡೆಯಿಂದ ಕಾಯಿಸಿದ ಹಾಗೆ. ದಪ್ಪ ಕವರ್ ತೆಗೆಯಿರಿ. ಗಾಳಿಯ ವೆಂಟ್ ಅದರ ಬೆನ್ನಿಗೆ ತಾಗುವ ಹಾಗೆ ಇಡಲು ಸಾಧ್ಯವಾದರೆ ಬಹಳ ಒಳ್ಳೆಯದು. ನೋಡದೆ ಇದ್ದಾಗ ಪರದೆ ಕೆಳಗೆ ಮಾಡಿ ಅಥವಾ ಬಿಳಿ ಕಾಗದ ಮುಚ್ಚಿ. ತಣ್ಣಗೆ ಮಾಡಲು ಐಸ್ ಒತ್ತಬೇಡಿ, ಒಳಗೆ ನೀರ ಹನಿ ಕಟ್ಟುತ್ತದೆ. ಬೆಳಗಿನ ಸ್ಲಾಟ್ ಸಿಕ್ಕರೆ ಈ ರಗಳೆ ಅರ್ಧ ಕಡಿಮೆ.

ಬಿಸಿಲಿನ ಇನ್ನೊಂದು ಕಾಟ ಪ್ರತಿಫಲನ. ಮ್ಯಾಟ್ ಫಿಲ್ಮ್ ಅಂಟಿಸಿದರೆ ನಿಮ್ಮ ಬಿಳಿ ಅಂಗಿ ಪರದೆಯಲ್ಲಿ ಕಾಣುವುದು ಕಡಿಮೆಯಾಗುತ್ತದೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕುವವರು ಅಂಗಡಿಯಲ್ಲೇ ಟ್ಯಾಬನ್ನು ನಿಲ್ಲಿಸಿ, ಮಲಗಿಸಿ ಎರಡೂ ರೀತಿ ನೋಡಿ. ಒಂದು ದಿಕ್ಕಿನಲ್ಲಿ ಪರದೆ ಪೂರ್ತಿ ಕಪ್ಪಾಗಬಹುದು. ಪೈಲಟ್‌ಗಳು ಪೋಲರೈಸ್ ಇಲ್ಲದ ಗ್ಲಾಸ್ ಹಾಕುವುದಕ್ಕೆ ಇದೂ ಒಂದು ಕಾರಣ.

ಎಲ್ಲಿ ಕೂರಿಸುವುದು

ಮೂರು ಜಾಗ: ತೊಡೆ, ಯೋಕ್, ಕಿಟಕಿ ಗಾಜು. ಹೊಸಬರಿಗೆ ನಾನು ಹೇಳುವುದು ತೊಡೆ. ನೀಬೋರ್ಡ್ (ತೊಡೆಗೆ ಕಟ್ಟುವ ಹಲಗೆ) ಪಟ್ಟಿ ಗಟ್ಟಿಯಾಗಿದ್ದರೆ ಬೀಳುವುದಿಲ್ಲ, ಗೇಜು ಮುಚ್ಚುವುದಿಲ್ಲ, ನೇರ ಬಿಸಿಲು ಕಡಿಮೆ. ತೊಂದರೆ ಏನೆಂದರೆ ಕತ್ತು ಬಗ್ಗಿಸಬೇಕು. ತಿರುವಿನಲ್ಲಿ ಕೆಳಗೆ ನೋಡಿ ಪಟ್ಟನೆ ತಲೆ ಎತ್ತಿದರೆ ತಲೆ ಗಿರ್ ಅನ್ನುತ್ತದೆ. ನೇರವಾಗಿ ಹಾರುವಾಗ ಮಾತ್ರ ನೋಡುವುದು ಅಭ್ಯಾಸವಾಗಲಿ. ಯೋಕ್ ಬದಲು ಸ್ಟಿಕ್ ಇರುವ ವಿಮಾನವಾದರೆ, ತೊಡೆಯ ಮೇಲಿನ ಟ್ಯಾಬ್ ಸ್ಟಿಕ್‌ಗೆ ತಾಗುತ್ತದಾ ಅಂತ ನೋಡಲೇಬೇಕು.

ಯೋಕ್ ಕ್ಲಾಂಪ್ ಕಣ್ಣಿಗೆ ಹತ್ತಿರ. ಆದರೆ ಅದನ್ನು ಹಾಕಿದ ಮೇಲೆ ಯೋಕನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಪೂರ್ತಿ ಹಿಂದೆ, ಪೂರ್ತಿ ಮುಂದೆ ಆಡಿಸಿ ನೋಡಿ. ಟ್ಯಾಬ್ ಇಲ್ಲದೆ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಚಾರ್ಜರ್ ವೈರ್ ಸಿಕ್ಕಿಸಿಯೇ ನೋಡಿ, ಯೋಕ್‌ಗೆ ಸುತ್ತಿಕೊಳ್ಳುವುದು ಆ ವೈರೇ. ಕಿಟಕಿಗೆ ಅಂಟಿಸುವ ಸಕ್ಷನ್ ಕಪ್ ನನಗೆ ಇಷ್ಟವಿಲ್ಲ. ಬಿಸಿಲಿಗೆ ಸಡಿಲಾಗಿ, ಗಾಳಿ ಎತ್ತಿ ಹಾಕುವ ಹೊತ್ತಿಗೇ ಸರಿಯಾಗಿ ಬೀಳುತ್ತದೆ. ಕಾಲಲ್ಲಿ ಒತ್ತಿ ವಿಮಾನದ ಮೂತಿ ತಿರುಗಿಸುವ ರಡ್ಡರ್ ಪೆಡಲ್ ಕೆಳಗೆ ಬಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ಆಮೇಲೆ ಅಯಸ್ಕಾಂತ. ಐಪ್ಯಾಡ್ ಕವರ್‌ಗಳಲ್ಲಿ, ಹೊಸ ಫೋನ್‌ಗಳಲ್ಲಿ, ಹಲವು ಸ್ಟ್ಯಾಂಡ್‌ಗಳಲ್ಲಿ ಅಯಸ್ಕಾಂತ ಇರುತ್ತದೆ. ವಿಮಾನದ ದಿಕ್ಸೂಚಿ ಅದಕ್ಕೆ ಹೆದರುತ್ತದೆ. ವಿಮಾನ ನಿಂತಿರುವಾಗ ದಿಕ್ಸೂಚಿ ನೋಡುತ್ತಾ ಟ್ಯಾಬನ್ನು ಅದರ ಜಾಗಕ್ಕೆ ತನ್ನಿ, ದೂರ ಒಯ್ಯಿರಿ. ಅಂಕಿ ಸ್ವಲ್ಪ ಅಲುಗಿದರೂ ಜಾಗ ಬದಲಿಸಿ.

ಕರೆಂಟು

ಎಷ್ಟೋ ಸಣ್ಣ ವಿಮಾನಗಳಲ್ಲಿ ಕಾರಿನಲ್ಲಿರುವಂಥದ್ದೇ ಸಾಕೆಟ್ ಇರುತ್ತದೆ. ನೋಡಲು ಒಂದೇ ಥರ, ಒಳಗಿನ ವೋಲ್ಟೇಜ್ ಬೇರೆ. ಹಳೆಯ ಸೆಸ್ನಾ 172ರಲ್ಲಿ 14 ವೋಲ್ಟ್, ಸೆಸ್ನಾ 152ರಲ್ಲಿ ಮತ್ತು ಈಚಿನ 172ರಲ್ಲಿ 28 ವೋಲ್ಟ್. ಬರೀ 12 ವೋಲ್ಟ್‌ಗೆ ಮಾಡಿದ ಕಾರ್ ಚಾರ್ಜರ್ 28ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, ಅದೂ ಹೊಗೆ ಬಂದು ಸುಡುತ್ತದೆ. ಚಾರ್ಜರ್ ಮೇಲೆ 30 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ತಡೆಯುತ್ತದೆ ಅಂತ ಬರೆದಿದ್ದರೆ ಮಾತ್ರ ಹಾಕಿ.

ಅಗ್ಗದ ಚಾರ್ಜರ್‌ಗೆ ಇನ್ನೊಂದು ದೋಷವಿದೆ. ಅದು ರೇಡಿಯೋಗೆ ಗದ್ದಲ ತುಂಬುತ್ತದೆ. ನಾವು ಮಾತಾಡುವ ವಿಎಚ್‌ಎಫ್ ಪಟ್ಟಿ 118ರಿಂದ 137 ಮೆಗಾಹರ್ಟ್ಸ್, ಕೆಟ್ಟ ಚಾರ್ಜರ್‌ನ ಸದ್ದು ಅಲ್ಲಿಗೇ ಬಂದು ಕೂರುತ್ತದೆ. ನೆಲದ ಮೇಲೆ ರೇಡಿಯೋದ ಸ್ಕ್ವೆಲ್ಚ್ (ಹಿನ್ನೆಲೆ ಸದ್ದು ತಡೆಯುವ ವ್ಯವಸ್ಥೆ) ತೆರೆದು ಗೊರಗೊರ ಕೇಳಿಸಿಕೊಳ್ಳಿ. ಚಾರ್ಜರ್ ಹಾಕಿ, ತೆಗೆಯಿರಿ. ಸದ್ದು ಬದಲಾದರೆ ಆ ಚಾರ್ಜರ್ ಕಾರಿಗೇ ಇರಲಿ.

ಇದೆಲ್ಲ ಯಾಕೆ ಅನ್ನುವವರಿಗೆ ಪವರ್ ಬ್ಯಾಂಕ್ ಸಾಕು. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 74 ವ್ಯಾಟ್-ಅವರ್. ಪ್ರಯಾಣಿಕ ವಿಮಾನಗಳಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. ಸಣ್ಣ ವಿಮಾನದಲ್ಲೂ ಆ ಮಿತಿಯೊಳಗೇ ಇರುವುದು ಜಾಣತನ. ಒಳ್ಳೆ ಕಂಪನಿಯದೇ ಇರಲಿ, ಕೈಗೆ ಸಿಗುವ ಜಾಗದಲ್ಲಿರಲಿ. ಹಿಂದಿನ ಸೀಟಿನ ಬ್ಯಾಗಿನ ತಳದಲ್ಲಿ ಬೇಡ.

ಅದು ಕೈಗೆ ಸಿಗಬೇಕಾದ್ದು ಬೆಂಕಿಯ ಕಾರಣಕ್ಕೆ. ಲಿಥಿಯಂ ಬ್ಯಾಟರಿ ಊದಿಕೊಂಡರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಮುಟ್ಟಲಾಗದಷ್ಟು ಬಿಸಿಯಾದರೆ ವೈರ್ ಕಿತ್ತು ಆಫ್ ಮಾಡಿ. ಮೊದಲು ವಿಮಾನ ಹಾರಿಸಿ, ಟವರ್‌ಗೆ ಹೇಳಿ, ಇಳಿಯುವ ದಾರಿ ನೋಡಿ. ಹೊಗೆ ಬಂದರೆ ಗಾಳಿ ಆಡಲು ವೆಂಟ್ ತೆರೆಯಿರಿ. ಹತ್ತಿಕೊಂಡರೆ ಬೆಂಕಿ ನಂದಿಸುವ ಸಿಲಿಂಡರ್ ಜ್ವಾಲೆಯನ್ನು ಆರಿಸುತ್ತದೆ, ಆದರೆ ಒಳಗಿನ ಬಿಸಿ ಮತ್ತೆ ಹೊತ್ತಿಸಬಹುದು. ಅದನ್ನು ತಣಿಸುವುದು ನೀರು. ಐಸ್ ಹಾಕಬಾರದು, ಬಟ್ಟೆ ಮುಚ್ಚಬಾರದು. ಒಂದು ಬಾಟಲಿ ನೀರು ಪಕ್ಕದಲ್ಲಿ ಇರಲಿ ಅನ್ನುವುದು ಬಾಯಾರಿಕೆಗಷ್ಟೇ ಅಲ್ಲ.

ಸೆಟ್ಟಿಂಗ್ಸ್ ಮತ್ತು ನಕ್ಷೆ

ಹಾರುವ ಹಿಂದಿನ ರಾತ್ರಿ ಮನೆಯಲ್ಲಿ ಕೂತು ಮಾಡುವ ಕೆಲಸ ಇದು. ತಾನಾಗಿ ಲಾಕ್ ಆಗುವುದನ್ನು ನಿಲ್ಲಿಸಿ. ಪರದೆ ತಿರುಗುವುದನ್ನು ಲಾಕ್ ಮಾಡಿ. ನೋಟಿಫಿಕೇಶನ್ ಎಲ್ಲ ಆಫ್. ಫೈನಲ್‌ನಲ್ಲಿದ್ದಾಗ, ಅಂದರೆ ಇಳಿಯಲು ನೇರ ರನ್‌ವೇ ಕಡೆ ಬರುತ್ತಿರುವಾಗ, ಮನೆಯ ವಾಟ್ಸಾಪ್ ಗ್ರೂಪಿನ ಶುಭೋದಯ ಬೇಡ ಅಲ್ವಾ? ಆಟೋ ಅಪ್‌ಡೇಟ್ ಆಫ್. ಹಾರಾಟದ ಹಿಂದಿನ ದಿನ ಹೊಸ ಆಪರೇಟಿಂಗ್ ಸಿಸ್ಟಂ ಹಾಕಲೇಬೇಡಿ. ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ ಅಂತ ಇದೆ. ಹಾಕಿಟ್ಟರೆ ಬೆರಳು ಅಂಚಿಗೆ ತಾಗಿದರೂ ಆ್ಯಪ್ ಮುಚ್ಚುವುದಿಲ್ಲ. ಹಾರುವಾಗ ಏರ್‌ಪ್ಲೇನ್ ಮೋಡ್ ಇರಲಿ, ಲೊಕೇಶನ್ ಆನ್ ಇರಲಿ. ಸಿಮ್ ಟವರ್ ಹುಡುಕುತ್ತಾ ಇದ್ದರೆ ಬ್ಯಾಟರಿಯೂ ಬೇಗ ಮುಗಿಯುತ್ತದೆ.

ನಕ್ಷೆಯ ವಿಷಯದಲ್ಲಿ ಒಂದು ಮಾತು. ಭಾರತದ ಅಧಿಕೃತ ಮಾಹಿತಿ ಏರ್‌ಪೋರ್ಟ್ಸ್ ಅಥಾರಿಟಿ ಪ್ರಕಟಿಸುವ ಎಐಪಿ ಅನ್ನುವ ವಿಮಾನಯಾನ ಮಾಹಿತಿ ಸಂಪುಟದಲ್ಲಿದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಬದಲಾವಣೆಗಳು 28 ದಿನದ ಚಕ್ರದಲ್ಲಿ ಬರುತ್ತವೆ. ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದ ಚಾರ್ಟ್‌ಗಳನ್ನು ಪಿಡಿಎಫ್ ಆಗಿ ಇಳಿಸಿಟ್ಟುಕೊಳ್ಳಿ, ಫೈಲಿನ ಹೆಸರಲ್ಲೇ ತಾರೀಕು ಬರೆಯಿರಿ. ಉಚಿತ ಆ್ಯಪ್‌ಗಳಲ್ಲಿ ಬರುವ ಏರ್‌ಸ್ಪೇಸ್ ಗೆರೆಗಳನ್ನು ಎಷ್ಟೋ ಸಲ ಸ್ವಯಂಸೇವಕರು ಹಾಕಿರುತ್ತಾರೆ. ದಾರಿ ನೋಡಲು ಸರಿ, ಪ್ರಮಾಣ ಅಂತ ಹಿಡಿಯುವ ಹಾಗಿಲ್ಲ. ಕೊನೆಗೆ ಪರೀಕ್ಷೆ: ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ತೆಗೆದು, ಟ್ಯಾಬನ್ನೇ ಆಫ್ ಮಾಡಿ ಆನ್ ಮಾಡಿ. ಈಗ ನಕ್ಷೆ, ಚಾರ್ಟ್ ಎಲ್ಲ ತೆರೆಯುತ್ತಾ? ತೆರೆಯದಿದ್ದರೆ ಅವು ಇಳಿದಿರಲೇ ಇಲ್ಲ.

ಏಪ್ರನ್ ಮೇಲೆ ಎತ್ತರ ನೋಡಿ

ಸಾಂಬ್ರಾ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,490 ಅಡಿ ಎತ್ತರದಲ್ಲಿದೆ. ಇಂಜಿನ್ ಶುರು ಮಾಡುವ ಮುಂಚೆ ಟ್ಯಾಬ್ ಎಷ್ಟು ತೋರಿಸುತ್ತದೆ ನೋಡಿ. ಹತ್ತಿಪ್ಪತ್ತು ಅಡಿ ಆಚೀಚೆ ಇದ್ದರೆ ಸರಿ. ಆದರೆ 200 ಅಡಿಗೂ ಮೀರಿ ಕಡಿಮೆ ತೋರಿಸಿದರೆ ಟ್ಯಾಬ್ ಕೆಟ್ಟಿಲ್ಲ, ಆ್ಯಪ್ ಲೆಕ್ಕ ತಪ್ಪಿದೆ.

ಕಾರಣ ಸ್ವಾರಸ್ಯವಾಗಿದೆ. ಜಿಪಿಎಸ್ ಭೂಮಿಯನ್ನು ಧ್ರುವಗಳಲ್ಲಿ ತುಸು ಚಪ್ಪಟೆಯಾದ ನುಣುಪಾದ ಗೋಳದ ಆಕಾರ ಅಂತ ಹಿಡಿದು ಅದರ ಮೇಲಿನಿಂದ ಎತ್ತರ ಅಳೆಯುತ್ತದೆ. ನಿಜವಾದ ಸಮುದ್ರ ಮಟ್ಟ ಆ ಆಕಾರಕ್ಕೆ ಹೊಂದುವುದಿಲ್ಲ. ಗುರುತ್ವಾಕರ್ಷಣೆಯ ವ್ಯತ್ಯಾಸದಿಂದ ದಕ್ಷಿಣ ಭಾರತ, ಶ್ರೀಲಂಕಾ ಸುತ್ತ ಅದು ಜಗತ್ತಿನಲ್ಲೇ ಎಲ್ಲಕ್ಕಿಂತ ಕೆಳಗಿದೆ, ಕೆಲವು ಕಡೆ 100 ಮೀಟರ್‌ಗಿಂತ ಜಾಸ್ತಿ. ನಮ್ಮ ಭಾಗದಲ್ಲೂ ಹತ್ತಾರು ಮೀಟರ್ ವ್ಯತ್ಯಾಸ ಬರುತ್ತದೆ. ಆಂಡ್ರಾಯ್ಡ್ ಸಾಮಾನ್ಯವಾಗಿ ಕಚ್ಚಾ ಅಂಕಿ ಕೊಡುತ್ತದೆ, ಅದನ್ನು ಸರಿಪಡಿಸುವುದು ಆ್ಯಪ್‌ನ ಕೆಲಸ. ಮಾಡದ ಆ್ಯಪ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಇಲ್ಲವಾದರೆ ಆ್ಯಪ್ ಬದಲಿಸಿ.

ನೆಲದಲ್ಲಿ ಸರಿ ತೋರಿಸಿದರೂ ಮೇಲೆ ಹೋದಂತೆ ಟ್ಯಾಬ್ ಮತ್ತು ವಿಮಾನದ ಎತ್ತರ ತೋರಿಸುವ ಗೇಜು ಆಲ್ಟಿಮೀಟರ್ ಬೇರೆ ಬೇರೆ ಹೇಳುತ್ತವೆ. ಇದು ದೋಷವಲ್ಲ. ಆಲ್ಟಿಮೀಟರ್ ಗಾಳಿಯ ಒತ್ತಡ ಅಳೆಯುತ್ತದೆ, ಬಿಸಿ ಗಾಳಿ ಹಿಗ್ಗಿರುತ್ತದೆ. ಸಾಂಬ್ರಾದಲ್ಲಿ 30 ಡಿಗ್ರಿ ಇದ್ದರೆ ಆ ಎತ್ತರಕ್ಕೆ ಆಲ್ಟಿಮೀಟರ್ ಲೆಕ್ಕ ಹಿಡಿಯುವ ಮಾದರಿ ತಾಪಮಾನಕ್ಕಿಂತ ಸುಮಾರು 20 ಡಿಗ್ರಿ ಜಾಸ್ತಿ. ಹತ್ತು ಡಿಗ್ರಿಗೆ ಶೇಕಡಾ 4ರ ಲೆಕ್ಕ ಹಿಡಿದರೆ, ನಿಲ್ದಾಣದಿಂದ 4,000 ಅಡಿ ಮೇಲಿರುವಾಗ ಸುಮಾರು 320 ಅಡಿ ವ್ಯತ್ಯಾಸ. ಟ್ಯಾಬ್ ಜಾಸ್ತಿ ತೋರಿಸುತ್ತದೆ, ಅದು ನಿಜವೂ ಹೌದು. ಆದರೂ ನೀವು ಹಾರಬೇಕಾದ್ದು ಆಲ್ಟಿಮೀಟರ್ ಪ್ರಕಾರ. ಯಾಕೆಂದರೆ ಎದುರು ಬರುವವನೂ ಕಂಟ್ರೋಲರ್ ಕೂಡ ಅದೇ ಲೆಕ್ಕದಲ್ಲಿದ್ದಾರೆ. ಟ್ಯಾಬ್ ನೋಡಿ ಎತ್ತರ ಸರಿ ಮಾಡಿಕೊಂಡರೆ ಇನ್ನೊಬ್ಬರ ಎತ್ತರಕ್ಕೆ ಇಳಿಯುತ್ತೀರಿ.

ವೇಗ, ಮತ್ತು ಸುಳ್ಳು ಹೇಳುವ ದಿಗಂತ

ಟ್ಯಾಬ್ ತೋರಿಸುವ ವೇಗ ನೆಲದ ಮೇಲಿನ ವೇಗ. ರೆಕ್ಕೆಗೆ ನೆಲ ಗೊತ್ತಿಲ್ಲ, ಗಾಳಿ ಮಾತ್ರ ಗೊತ್ತು. ಮಳೆಗಾಲದಲ್ಲಿ ಬೆಳಗಾವಿಗೆ ಪಡುವಣ ಗಾಳಿ ಜೋರು, ಪಡುವಣಕ್ಕೆ ಮುಖ ಮಾಡುವ ರನ್‌ವೇ 26 ಬಳಕೆಯಲ್ಲಿರುತ್ತದೆ. ಡೌನ್‌ವಿಂಡ್‌ನಲ್ಲಿ, ಅಂದರೆ ಇಳಿಯುವ ಮುಂಚೆ ರನ್‌ವೇ ಪಕ್ಕದಲ್ಲಿ ಎದುರು ದಿಕ್ಕಿಗೆ ಹಾರುವಾಗ, 20 ನಾಟ್ ಗಾಳಿ ಬೆನ್ನಿಗಿದೆ ಅಂದುಕೊಳ್ಳಿ. ಏರ್‌ಸ್ಪೀಡ್ ಗೇಜು 80 ಅಂದರೆ ಟ್ಯಾಬ್ 100ಕ್ಕೂ ಜಾಸ್ತಿ ಅನ್ನುತ್ತದೆ. ವೇಗ ಜಾಸ್ತಿಯಾಯಿತು ಅಂತ ಟ್ಯಾಬ್ ನೋಡಿ ಕಡಿಮೆ ಮಾಡಿದರೆ, ಬೇಸ್ ತಿರುವಿನಲ್ಲಿ (ಇಳಿಯಲು ರನ್‌ವೇ ಕಡೆಗೆ ತಿರುಗುವಾಗ) ಸ್ಟಾಲ್‌ಗೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ಸ್ಥಿತಿಗೆ, ಹತ್ತಿರ ಹೋಗುತ್ತೀರಿ, ಅದೂ ಕಡಿಮೆ ಎತ್ತರದಲ್ಲಿ. ಸರ್ಕ್ಯೂಟ್‌ನಲ್ಲಿ (ರನ್‌ವೇ ಸುತ್ತಿನ ಈ ಹಾರಾಟದಲ್ಲಿ) ಟ್ಯಾಬ್‌ನ ವೇಗದ ಅಂಕಿಯನ್ನು ಮುಚ್ಚಿಡುವ ಆಯ್ಕೆ ಇದ್ದರೆ ಮುಚ್ಚಿಡಿ.

ಇದಕ್ಕಿಂತ ಅಪಾಯ ದಿಗಂತದ ಚಿತ್ರ. ಕೆಲವು ಆ್ಯಪ್‌ಗಳು ಪೂರ್ತಿ ಗ್ಲಾಸ್ ಕಾಕ್‌ಪಿಟ್ ಬಿಡಿಸಿ ತೋರಿಸುತ್ತವೆ. ನೀಲಿ ಆಕಾಶ, ಕಂದು ನೆಲ, ನಡುವೆ ಗೆರೆ. ಟ್ಯಾಬನ್ನು ಕೈಯಲ್ಲಿ ಓರೆ ಮಾಡಿದರೆ ಗೆರೆಯೂ ಸರಿಯಾಗಿ ಓರೆಯಾಗುತ್ತದೆ. ನಂಬಿಕೆ ಬರುತ್ತದೆ. ನಂಬಬೇಡಿ.

ನೀವೇ ಪರೀಕ್ಷೆ ಮಾಡಬಹುದು, ವಿಮಾನ ಬೇಡ. ಯಾರಾದರೂ ಗೋವಾಕ್ಕೆ ಚೋರ್ಲಾ ಘಾಟ್ ಮೇಲೆ ಕಾರು ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂತು, ಫೋನನ್ನು ಡ್ಯಾಶ್‌ಬೋರ್ಡ್‌ಗೆ ಗಟ್ಟಿಯಾಗಿ ಸಿಕ್ಕಿಸಿ ಮಟ್ಟ ನೋಡುವ ಆ್ಯಪ್ ತೆರೆಯಿರಿ. ಉದ್ದನೆಯ ತಿರುವಿನಲ್ಲಿ ಕಾರು ಮಟ್ಟಸವಾಗಿಯೇ ಇರುತ್ತದೆ, ಆ್ಯಪ್ ಮಾತ್ರ ಓರೆಯಾಗಿದೆ ಅನ್ನುತ್ತದೆ. ಫೋನಿನ ಒಳಗಿನ ಸೆನ್ಸರ್‌ಗೆ ಭೂಮಿಯ ಎಳೆತ ಯಾವುದು, ತಿರುವಿನ ಎಳೆತ ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ.

ವಿಮಾನದಲ್ಲಿ ಇದೇ ತಿರುಗುಮುರುಗಾಗಿ ಕಾಡುತ್ತದೆ. ಸರಿಯಾಗಿ ತಿರುಗುತ್ತಿರುವ ವಿಮಾನದಲ್ಲಿ ಎಳೆತ ಯಾವಾಗಲೂ ನೇರ ಸೀಟಿನ ಕಡೆಗೇ. ಮೊದಲ ಕೆಲವು ಕ್ಷಣ ಟ್ಯಾಬ್ ಒಳಗಿನ ಗೈರೋ (ತಿರುಗುವುದನ್ನು ಅಳೆಯುವ ಸೆನ್ಸರ್) ಸರಿಯಾಗಿ ಹೇಳುತ್ತದೆ. ತಿರುವು ಉದ್ದವಾದಂತೆ ಆ್ಯಪ್ ನಿಧಾನಕ್ಕೆ ಗೆರೆಯನ್ನು ಸಮಕ್ಕೆ ತರುತ್ತದೆ, ರೆಕ್ಕೆ ಇನ್ನೂ ಬಾಗಿಯೇ ಇರುತ್ತದೆ. ನೀವು ನಿಜವಾಗಿ ಸಮ ಮಾಡಿದಾಗ ಎದುರು ಬದಿಗೆ ಬಾಗಿದೆ ಅನ್ನುತ್ತದೆ. ಕಿಟಕಿಯಲ್ಲಿ ದಿಗಂತ ಕಾಣುವಾಗ ಇದು ತಮಾಷೆ. ಮೋಡದೊಳಗೆ ಜೀವಕ್ಕೇ ಕುತ್ತು. ಜಿಪಿಎಸ್ ಸೇರಿಸಿ ತಿದ್ದುವ ಹೊರಗಿನ ಸಾಧನಗಳು ಇದಕ್ಕಿಂತ ಎಷ್ಟೋ ಮೇಲು, ಆದರೂ ಅವು ಪ್ರಮಾಣಿತ ಉಪಕರಣಗಳಲ್ಲ. ನನ್ನನ್ನು ಕೇಳಿದರೆ ವಿದ್ಯಾರ್ಥಿಯ ಟ್ಯಾಬ್‌ನಲ್ಲಿ ಆ ಪುಟವೇ ಇರಬಾರದು. ಇದ್ದರೆ ಕಷ್ಟದ ಹೊತ್ತಿನಲ್ಲಿ ಕಣ್ಣು ಅಲ್ಲಿಗೇ ಹೋಗುತ್ತದೆ.

ಯೂಟ್ಯೂಬ್‌ನಲ್ಲಿ ನೋಡಿದ್ದು ಇಲ್ಲಿ ಸಿಗದು

ಅಮೆರಿಕದ ಪೈಲಟ್‌ನ ಐಪ್ಯಾಡ್‌ನಲ್ಲಿ ಮಳೆಮೋಡ ಕಾಣುವುದು ಅಲ್ಲಿನ ಸರ್ಕಾರ ನೆಲದಿಂದ 978 ಮೆಗಾಹರ್ಟ್ಸ್‌ನಲ್ಲಿ ಉಚಿತವಾಗಿ ಹವಾಮಾನ ಕಳಿಸುವುದರಿಂದ. ಆ ಸೇವೆ ಭಾರತದಲ್ಲಿಲ್ಲ. ಅದನ್ನು ಹಿಡಿಯುವ ರಿಸೀವರ್ ತರಿಸಿದರೂ ಮೋಡ ಕಾಣುವುದಿಲ್ಲ. ಹೊರಡುವ ಮುಂಚೆ ಮೆಟಾರ್ (ನಿಲ್ದಾಣದ ಹವಾಮಾನ ವರದಿ), ಮುನ್ಸೂಚನೆ ನೋಡಿ, ಮೇಲೆ ಹೋದ ಮೇಲೆ ಪಡುವಣಕ್ಕೆ ಘಟ್ಟದ ಕಡೆ ಕಣ್ಣಿಟ್ಟಿರಿ. ಬೆಳಗಾವಿಗೆ ಮಳೆ ಬರುವುದು ಅಲ್ಲಿಂದಲೇ.

ಇನ್ನೆರಡು ಎಚ್ಚರಿಕೆ. ವಿದೇಶಿ ವಿಡಿಯೋಗಳಲ್ಲಿ ತೋರಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸ್ಯಾಟಲೈಟ್ ಸಂದೇಶ ಸಾಧನಗಳನ್ನು, ಸ್ಯಾಟಲೈಟ್ ಫೋನ್‌ಗಳನ್ನು ಸರ್ಕಾರದ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಇದಕ್ಕೆ ಜನ ಸಿಕ್ಕಿಬಿದ್ದಿದ್ದಾರೆ. ಮತ್ತೆ ಕ್ಯಾಮೆರಾ: ಹಾರುವ ವಿಮಾನದಿಂದ, ಸರ್ಕಾರಿ ನಿಲ್ದಾಣದಲ್ಲಿ ಅನುಮತಿಯಿಲ್ಲದೆ ಫೋಟೋ ತೆಗೆಯಬಾರದು ಅನ್ನುವ ನಿಯಮವಿದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯೂ ಇದೆ. ಟ್ಯಾಬ್ ಕೈಯಲ್ಲಿದೆ ಅಂತ ರೀಲ್ಸ್ ಮಾಡಲು ಹೋಗಬೇಡಿ.

ಹಾರುವಾಗ

ಹುಬ್ಬಳ್ಳಿಗೆ ಹೊರಟಿದ್ದೀರಿ ಅಂದುಕೊಳ್ಳೋಣ. ಆಗ್ನೇಯಕ್ಕೆ ಸುಮಾರು 40 ನಾಟಿಕಲ್ ಮೈಲಿ. ಕಾಗದದ ನಕ್ಷೆಯಲ್ಲಿ ಗೆರೆ ಎಳೆದು, ಹೆಡಿಂಗ್ (ವಿಮಾನದ ಮೂತಿ ಇಡಬೇಕಾದ ದಿಕ್ಕು) ಮತ್ತು ಸಮಯ ಬರೆದುಕೊಂಡಿರಬೇಕು. ಮೊದಲು ಕಿಟಕಿ, ಆಮೇಲೆ ಕಾಗದ, ಕೊನೆಗೆ ಟ್ಯಾಬ್. ಹೆದ್ದಾರಿ 48 ಮತ್ತು ಸುವರ್ಣಸೌಧ ಬಲಕ್ಕೆ ಕಾಣಬೇಕು. ಎಂ.ಕೆ. ಹುಬ್ಬಳ್ಳಿ ಹತ್ತಿರ ಮಲಪ್ರಭಾ ದಾಟಬೇಕು. ಕಿತ್ತೂರು ಬಲಕ್ಕೆ. ಟ್ಯಾಬ್ ಇದನ್ನೇ ಹೇಳಿದರೆ ಒಳ್ಳೆಯದು. ಬೇರೆ ಹೇಳಿದರೆ ನದಿಯನ್ನು ನಂಬಿ, ನದಿ ಅಪ್‌ಡೇಟ್ ಆಗುವುದಿಲ್ಲ. ಜಿಪಿಎಸ್ ಕೂಡ ತಪ್ಪು ಹೇಳಬಹುದು. 2025ರ ನವೆಂಬರ್‌ನಲ್ಲಿ ದೆಹಲಿ ಸುತ್ತಮುತ್ತ ಸುಳ್ಳು ಸಿಗ್ನಲ್‌ಗಳಿಂದ ದೊಡ್ಡ ವಿಮಾನಗಳಿಗೇ ತೊಂದರೆಯಾಗಿತ್ತು.

ಗಾಳಿ ಕುಲುಕುವಾಗ ಒಂಟಿ ಬೆರಳು ಚಾಚಿ ಒತ್ತಿದರೆ ಬೇರೇನೋ ಒತ್ತಿಹೋಗುತ್ತದೆ. ಅಂಗೈಯನ್ನು ಟ್ಯಾಬ್ ಅಂಚಿಗೆ ಊರಿ, ಹೆಬ್ಬೆರಳಿಂದ ಒತ್ತಿ. ಎರಡು ಸಲ ಒತ್ತಿದರೂ ಬೇಕಾದ್ದು ಬರದಿದ್ದರೆ ಬಿಟ್ಟುಬಿಡಿ. ಟ್ಯಾಕ್ಸಿ, ಟೇಕ್‌ಆಫ್, ಸರ್ಕ್ಯೂಟ್, ಲ್ಯಾಂಡಿಂಗ್‌ನಲ್ಲಿ ಟ್ಯಾಬ್ ಮುಟ್ಟುವ ಹಾಗೇ ಇಲ್ಲ. ನಮ್ಮ ಕಡೆಯ ಇನ್‌ಸ್ಟ್ರಕ್ಟರ್ ಆಗಿದ್ದರೆ ಹೇಳುವುದು ಒಂದೇ ಮಾತು: “ಏ ತಮ್ಮಾ, ಹೊರಗ ನೋಡೋ.”

ಕೈಕೊಟ್ಟಾಗ ಏನು: ಮನೆಯಲ್ಲೇ ಅಭ್ಯಾಸ

ಎಕ್ಸ್‌-ಪ್ಲೇನ್‌ನಂಥ ಸಿಮ್ಯುಲೇಟರ್ ಮನೆಯ ಕಂಪ್ಯೂಟರಿನಲ್ಲಿದ್ದರೆ ಅದರ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್‌ಗೆ ವೈಫೈ ಮೂಲಕ ಜಾಗ ಕಳಿಸುವ ಆಯ್ಕೆ ಇದೆ. ಅದನ್ನು ಓದಬಲ್ಲ ಆ್ಯಪ್ ನಿಮ್ಮ ಟ್ಯಾಬ್‌ನಲ್ಲಿದ್ದರೆ, ನೀವು ನಿಜವಾಗಿ ಹಾರುತ್ತಿದ್ದೀರಿ ಅಂತಲೇ ಅದು ತಿಳಿಯುತ್ತದೆ. ಸಾಂಬ್ರಾದಿಂದ ಹುಬ್ಬಳ್ಳಿಗೆ ಹಾರಿ. ತಮ್ಮನಿಗೋ ತಂಗಿಗೋ ಹೇಳಿ, ಮನಸ್ಸಿಗೆ ಬಂದಾಗ ಬಂದು ಟ್ಯಾಬ್ ಕಿತ್ತುಕೊಂಡು ಹೋಗಲಿ. ಈಗ ಕಾಗದದ ನಕ್ಷೆಯ ಮೇಲೆ ನೀವೆಲ್ಲಿದ್ದೀರಿ ಅಂತ ಬೆರಳಿಟ್ಟು ತೋರಿಸಬೇಕು, ಎಷ್ಟು ಹೊತ್ತಿಗೆ ಮುಟ್ಟುತ್ತೀರಿ ಹೇಳಬೇಕು. ತಡವರಿಸಿದರೆ ಟ್ಯಾಬ್ ಮೇಲೆ ಜಾಸ್ತಿ ಒರಗಿದ್ದೀರಿ. ಇದನ್ನು ಬೇರೆ ಬೇರೆ ಜಾಗದಲ್ಲಿ ಮಾಡಿ. ಎಲ್ಲಕ್ಕಿಂತ ಕಷ್ಟವಾಗುವುದು ನದಿ, ಹೆದ್ದಾರಿ ಎರಡೂ ಕಾಣದ ಬಯಲಿನ ಮೇಲೆ.

ನಿಜವಾದ ಹಾರಾಟದಲ್ಲಿ ಟ್ಯಾಬ್ ಕೆಟ್ಟರೆ ಅದನ್ನು ರಿಪೇರಿ ಮಾಡಲು ಕೂರಬೇಡಿ. ಬ್ಯಾಗಿಗೆ ಹಾಕಿ, ಇಳಿದ ಮೇಲೆ ನೋಡಿದರಾಯಿತು. ಫೋನ್‌ನಲ್ಲೂ ಅದೇ ಆ್ಯಪ್, ಅದೇ ಚಾರ್ಟ್ ಇಳಿಸಿಟ್ಟಿದ್ದರೆ ಅದು ಎರಡನೆಯ ಆಸರೆ. ಆದರೆ ಎರಡೂ ಒಂದೇ ಬಿಸಿಲಲ್ಲಿ ಕೂತಿದ್ದರೆ ಎರಡೂ ಒಟ್ಟಿಗೇ ಆಫ್ ಆಗುತ್ತವೆ. ಫೋನ್ ಜೇಬಿನಲ್ಲಿರಲಿ.

ಇಳಿದ ಮೇಲೆ ಟ್ಯಾಬ್‌ನ ನಿಜವಾದ ಲಾಭ ಸಿಗುತ್ತದೆ. ಹಾರಿದ ದಾರಿ ಅದರಲ್ಲಿ ದಾಖಲಾಗಿರುತ್ತದೆ. ಇನ್‌ಸ್ಟ್ರಕ್ಟರ್ ಜೊತೆ ಕೂತು ಅದನ್ನು ಕಾಗದದ ಗೆರೆಯ ಪಕ್ಕ ಇಡಿ. ಎಲ್ಲಿ ಗಾಳಿ ಎಡಕ್ಕೆ ತಳ್ಳಿತು, ಸರ್ಕ್ಯೂಟ್‌ನಲ್ಲಿ ಡೌನ್‌ವಿಂಡ್ ಎಷ್ಟು ಅಗಲವಾಯಿತು, ಬೇಸ್‌ಗೆ ಎಲ್ಲಿ ತಡವಾಗಿ ತಿರುಗಿದಿರಿ, ಎಲ್ಲ ಕಾಣುತ್ತದೆ. ನೋಡಿ ಮುಗಿದ ಮೇಲೆ ಟ್ಯಾಬನ್ನು ವಿಮಾನದಲ್ಲಾಗಲೀ ಬಿಸಿಲಲ್ಲಿ ನಿಂತ ಕಾರಿನಲ್ಲಾಗಲೀ ಬಿಟ್ಟು ಹೋಗಬೇಡಿ. ಮಳೆಗಾಲದಲ್ಲಿ ದಿನಗಟ್ಟಲೆ ಹಾರಾಟ ಇಲ್ಲದಾಗ ಬ್ಯಾಟರಿ ಅರ್ಧದಷ್ಟು ಇಟ್ಟು ಒಣ ಜಾಗದಲ್ಲಿ ಇಡಿ. ಮತ್ತೆ ಹೊರಡುವ ಹಿಂದಿನ ರಾತ್ರಿ ಚಾರ್ಟ್‌ಗಳ ತಾರೀಕು ನೋಡಿ, 28 ದಿನದ ಚಕ್ರ ದಾಟಿದ್ದರೆ ಹೊಸದು ಇಳಿಸಿಕೊಳ್ಳಿ.